ಚೆಕ್ ಕೋಡ್‌ನಲ್ಲಿದೆ, ಕರ್ನಲ್‌ನಲ್ಲಿ ಇಲ್ಲ. ಎಲ್ಲಿ ಹೋಯಿತು?

ಪ್ರಶ್ನೆ: ನೆಟ್‌ವರ್ಕ್ ಡ್ರೈವರ್ ಬರೆಯುವ ತಂಡಕ್ಕೆ ಸೇರಿ ಒಂದು ವರ್ಷ ಆಯಿತು. ಮೊನ್ನೆ ಕಳಿಸಿದ ಪ್ಯಾಚ್‌ನಲ್ಲಿ ಒಂದು ಪಾಯಿಂಟರ್ (ಮೆಮೊರಿ ವಿಳಾಸ ಹಿಡಿದಿಡುವ ವೇರಿಯಬಲ್) ಬಳಸಿ, ಅದರ ಮುಂದಿನ ಸಾಲಿನಲ್ಲಿ ಅದು ನಲ್ (ಖಾಲಿ, ಅಂದರೆ ಸೊನ್ನೆ ವಿಳಾಸ) ಹೌದೋ ಅಲ್ಲವೋ ಎಂದು ಚೆಕ್ ಮಾಡಿದ್ದೆ. ರಿವ್ಯೂ ಮಾಡಿದ ಹಿರಿಯರು "2009ರ ಟನ್ ಬಗ್ ಓದಿಕೊಂಡು ಬಾ, ಇಂಥ ಚೆಕ್ ಅನ್ನು ಕಂಪೈಲರ್ ತಿಂದುಹಾಕುತ್ತದೆ" ಎಂದರು. ನಾವು ಬರೆದ ಚೆಕ್ ಅನ್ನು ಕಂಪೈಲರ್ ಹೇಗೆ ತೆಗೆಯುತ್ತದೆ? ಅದು ಕಂಪೈಲರ್ ತಪ್ಪಲ್ವಾ? ಎರಡು ಸಾಲು ಅದಲುಬದಲು ಮಾಡಿದರೆ ಸಾಕಾ, ಇನ್ನೇನಾದರೂ ಮಾಡಬೇಕಾ?

ಉತ್ತರ: ಸಾಲು ಅದಲುಬದಲು ಮಾಡಿದರೆ ನಿಮ್ಮ ಬಗ್ ಹೋಗುತ್ತದೆ. ಅಷ್ಟೇ ಬೇಕಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ನಿಮ್ಮ ಹಿರಿಯರು ಸುಮ್ನೆ ಆ ಬಗ್‌ನ ಹೆಸರು ಹೇಳಿಲ್ಲ. ಅಲ್ಲಿ ಒಂದು ಚೆಕ್ ಜಾಗ ತಪ್ಪಿತ್ತು, ಕಂಪೈಲರ್ ಅದನ್ನು ಅಳಿಸಿತು. ಅದರ ಹಿಂದೆ ನಿಂತಿದ್ದ ಇನ್ನೊಂದು ಚೆಕ್ ಅನ್ನು ಸೆಕ್ಯುರಿಟಿ ಮಾಡ್ಯೂಲ್ ಒಂದು ಪಕ್ಕಕ್ಕೆ ಸರಿಸಿಬಿಟ್ಟಿತ್ತು. ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿ) ಬಗ್ ಸರಿಪಡಿಸುವುದು ಅಂದರೆ ಏನು ಎಂದು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಲಿನಕ್ಸ್‌ನ ಟನ್ ಯಾರಿಗೂ ಹೊಸದಲ್ಲ. ಓಪನ್‌ವಿಪಿಎನ್ ಎಂಬ ವಿಪಿಎನ್ ತಂತ್ರಾಂಶ ಓಡಿಸಿದವರು "ಟನ್0" ಎಂಬ ಇಂಟರ್‌ಫೇಸ್ ನೋಡಿರುತ್ತಾರೆ. ಅದು ಇಲ್ಲದ ನೆಟ್‌ವರ್ಕ್ ಕಾರ್ಡ್ ಒಂದನ್ನು ಇದೆ ಎಂದು ತೋರಿಸುವ ಡ್ರೈವರ್. ಪ್ರೋಗ್ರಾಂ ಒಂದು ವಿಶೇಷ ಫೈಲ್ ತೆರೆಯುತ್ತದೆ, ಅದನ್ನು ಒಂದು ಇಂಟರ್‌ಫೇಸ್‌ಗೆ ಜೋಡಿಸುತ್ತದೆ, ಆಮೇಲೆ ಪ್ಯಾಕೆಟ್‌ಗಳನ್ನು ಫೈಲ್‌ನಂತೆ ಓದುತ್ತದೆ, ಬರೆಯುತ್ತದೆ. ಪ್ಯಾಕೆಟ್ ಬಂದಿದೆಯಾ ಎಂದು ಕೇಳಲು "ಪೋಲ್" ಎಂಬ ಕರೆ ಇದೆ. ಬಗ್ ಇದ್ದದ್ದು ಆ ಪೋಲ್ ಫಂಕ್ಷನ್‌ನ ಮೊದಲ ಕೆಲವು ಸಾಲುಗಳಲ್ಲಿ. ಅವನ್ನು ಕನ್ನಡದಲ್ಲೇ ಹೇಳುವುದಾದರೆ ಹೀಗೆ:

ಈ ಫೈಲ್‌ಗೆ ಸೇರಿದ ಟನ್ ಪಾಯಿಂಟರ್ ತೆಗೆದುಕೋ.
ಟನ್ ಒಳಗಿರುವ ಸಾಕೆಟ್ ಪಾಯಿಂಟರ್ ತೆಗೆದುಕೋ.
ಟನ್ ನಲ್ ಆಗಿದ್ದರೆ ಎರರ್ ಕೊಟ್ಟು ವಾಪಸ್ ಹೋಗು.

ಎರಡನೇ ಸಾಲು ಮೂರನೆಯದರ ಕೆಳಗೆ ಇರಬೇಕಿತ್ತು. ಫೈಲ್ ತೆರೆದು, ಇಂಟರ್‌ಫೇಸ್‌ಗೆ ಜೋಡಿಸದೆ, ನೇರ ಪೋಲ್ ಕರೆದರೆ ಟನ್ ನಲ್ ಆಗಿರುತ್ತದೆ. ಆಗ ಎರಡನೇ ಸಾಲಿನಲ್ಲೇ ಕರ್ನಲ್ ಸೊನ್ನೆ ವಿಳಾಸದ ಹತ್ತಿರದ ಮೆಮೊರಿಗೆ ಕೈ ಹಾಕುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ಇದನ್ನು ಬರೆದವರು ದಡ್ಡರೇನಲ್ಲ. ಕರ್ನಲ್ ಕೋಡ್‌ನಲ್ಲಿ ವೇರಿಯಬಲ್‌ಗಳನ್ನೆಲ್ಲ ಫಂಕ್ಷನ್‌ನ ತಲೆಯಲ್ಲೇ ಬರೆಯುವುದು ರೂಢಿ. 2009ರ ಆರಂಭದಲ್ಲಿ ಒಂದು ಬದಲಾವಣೆ ಬಂತು. ಒಂದು ಡಿವೈಸ್‌ನ ಸಾಲಿನಲ್ಲಿ ಎಷ್ಟು ಪ್ಯಾಕೆಟ್ ಕಾಯಬಹುದು ಎಂಬುದಕ್ಕೆ ಮಿತಿ ಹಾಕುವುದು ಅದರ ಕೆಲಸ. ಅದಕ್ಕೆ ಸಾಕೆಟ್ ಪಾಯಿಂಟರ್ ಬೇಕಾಯಿತು. ತಲೆಯಲ್ಲಿ ಹೊಸ ವೇರಿಯಬಲ್ ಬರೆದು ಅಲ್ಲೇ ಬೆಲೆಯನ್ನೂ ಕೊಟ್ಟರು. ಡಿಫ್, ಅಂದರೆ ಬದಲಾದ ಸಾಲುಗಳ ಪಟ್ಟಿ, ನೋಡುವವರಿಗೆ ಕಾಣುವುದು ಆ ಒಂದು ಹೊಸ ಸಾಲು. ಅದರ ಕೆಳಗೆ ಹಳೆಯ ಚೆಕ್ ಹಾಗೇ ಕೂತಿದೆ. "ಚೆಕ್ ಇದೆಯಾ? ಇದೆ." ಮುಂದಕ್ಕೆ ಹೋಗುತ್ತೇವೆ. ನಾನೂ ಹೋಗುತ್ತಿದ್ದೆ.

ಈ ಕೋಡ್ 2009ರ ಜೂನ್‌ನಲ್ಲಿ ಬಂದ 2.6.30 ಕರ್ನಲ್‌ನಲ್ಲಿ ಹೊರಬಂತು. ಜುಲೈ ಮೊದಲಲ್ಲೇ ಯಾರೋ ಕರ್ನಲ್ ಬೀಳುವುದನ್ನು ಕಂಡು ಹೇಳಿದರು, ಪ್ಯಾಚ್ ಬಂತು. ಆ ಪ್ಯಾಚ್‌ನ ತಲೆಬರಹ ನೋಡಿದರೆ ಅದು ಬರೀ ಕ್ರ್ಯಾಶ್ ಸರಿಪಡಿಸುವ ಪ್ಯಾಚ್. ಫೈಲ್ ತೆರೆದು ಪೋಲ್ ಮಾಡಿದರೆ ಬೀಳುತ್ತದೆ, ಅದನ್ನು ಸರಿಮಾಡಿದ್ದೇವೆ, ಅಷ್ಟೇ. ಸೆಕ್ಯುರಿಟಿಯ ಮಾತೇ ಇಲ್ಲ. ಮೂಲ ಕೋಡ್ ಓದಿದರೆ ಹಾಗೆಯೇ ಅನ್ನಿಸುತ್ತದೆ ಕೂಡ. ಸೊನ್ನೆ ವಿಳಾಸದಲ್ಲಿ ಏನೂ ಇಲ್ಲದಿದ್ದರೆ ಎರಡನೇ ಸಾಲಿನಲ್ಲಿ ಬೀಳುತ್ತದೆ. ಅಲ್ಲಿ ಏನಾದರೂ ಇದ್ದರೆ ಎರಡನೇ ಸಾಲು ದಾಟುತ್ತದೆ, ಮೂರನೇ ಸಾಲಿನ ಚೆಕ್ ಹಿಡಿದು ವಾಪಸ್ ಕಳಿಸುತ್ತದೆ. ಎರಡೂ ದಾರಿಯಲ್ಲಿ ದಾಳಿ ಮಾಡುವವನಿಗೆ ಏನೂ ಸಿಗುವುದಿಲ್ಲ.

ಅದೇ ತಿಂಗಳು, ಕರ್ನಲ್‌ಗೆ ಭದ್ರತೆಯ ಪ್ಯಾಚ್ ಬರೆಯುವ ಜಿಆರ್‌ಸೆಕ್ಯುರಿಟಿಯ ಬ್ರಾಡ್ ಸ್ಪೆಂಗ್ಲರ್ ಒಂದು ಎಕ್ಸ್‌ಪ್ಲಾಯಿಟ್ (ಬಗ್ ಬಳಸಿ ದಾಳಿ ಮಾಡುವ ಪ್ರೋಗ್ರಾಂ) ಹೊರಬಿಟ್ಟರು. ಸಾಮಾನ್ಯ ಯೂಸರ್ ಆಗಿ ಓಡಿಸಿದರೆ ರೂಟ್, ಅಂದರೆ ಸಿಸ್ಟಂನ ಪೂರ್ತಿ ಅಧಿಕಾರ, ಸಿಗುತ್ತಿತ್ತು. ಅದಕ್ಕೆ ಆಮೇಲೆ ಸಿವಿಇ-2009-1897 ಎಂಬ ಭದ್ರತಾ ದೋಷದ ನಂಬರ್ ಬಂತು.

ಈಗ ನಿಮ್ಮ ಮೊದಲ ಪ್ರಶ್ನೆ. ಕಂಪೈಲರ್ ಚೆಕ್ ಅನ್ನು ಹೇಗೆ ತೆಗೆಯಿತು?

ಸಿ ಭಾಷೆಯ ನಿಯಮದಲ್ಲಿ ನಲ್ ಪಾಯಿಂಟರ್‌ನ ಒಳಗೆ ಇಣುಕುವುದು ಅನ್‌ಡಿಫೈನ್ಡ್ ಬಿಹೇವಿಯರ್. ಹಾಗೆ ಮಾಡಿದರೆ ಏನಾಗಬೇಕು ಎಂದು ಭಾಷೆ ಹೇಳುವುದಿಲ್ಲ. ಕಂಪೈಲರ್ ಇದನ್ನು ತನಗೆ ಅನುಕೂಲವಾಗುವಂತೆ ಓದುತ್ತದೆ: "ಪ್ರೋಗ್ರಾಮರ್ ಎರಡನೇ ಸಾಲಿನಲ್ಲಿ ಟನ್ ಒಳಗಿಂದ ಏನೋ ತೆಗೆದಿದ್ದಾನೆ. ಹಾಗಾದರೆ ಟನ್ ನಲ್ ಆಗಿರಲು ಸಾಧ್ಯವಿಲ್ಲ. ಮೂರನೇ ಸಾಲಿನಲ್ಲಿ ನಲ್ ಇದೆಯಾ ಎಂದು ಕೇಳುತ್ತಿದ್ದಾನೆ. ಉತ್ತರ ನನಗೆ ಗೊತ್ತು, ಇಲ್ಲ. ಗೊತ್ತಿರುವ ಪ್ರಶ್ನೆ ಯಾಕೆ ಕೇಳಬೇಕು?" ಊಟ ಮುಗಿಸಿ ಕೈ ತೊಳೆಯುತ್ತಿರುವವರನ್ನು ಊಟ ಆಯಿತಾ ಎಂದು ಕೇಳಿದ ಹಾಗೆ. ಜಿಸಿಸಿ ಎಂಬ ಆ ಕಂಪೈಲರ್ ಪ್ರಶ್ನೆಯನ್ನೇ ಅಳಿಸಿತು.

ಇದನ್ನು ಕಣ್ಣಾರೆ ನೋಡಬೇಕು, ಆಗಲೇ ನಂಬಿಕೆ ಬರುವುದು. ಹತ್ತು ಸಾಲಿನ ಒಂದು ಸಿ ಫಂಕ್ಷನ್ ಬರೆಯಿರಿ. ಮೊದಲು ಪಾಯಿಂಟರ್‌ನಿಂದ ಒಂದು ಬೆಲೆ ಓದಿ, ಆಮೇಲೆ ನಲ್ ಚೆಕ್ ಹಾಕಿ. ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿ, ಮೆಷಿನ್ ಕೋಡ್ ತೋರಿಸುವ ಆಬ್ಜ್‌ಡಂಪ್‌ನಲ್ಲಿ ನೋಡಿದರೆ ಪಾಯಿಂಟರ್ ಸೊನ್ನೆಯಾ ಎಂದು ಹೋಲಿಸುವ ಒಂದು ಸಾಲು, ಅದರ ಕೆಳಗೆ ಒಂದು ಜಂಪ್ ಕಾಣುತ್ತದೆ. ಓ2 ಎಂಬ ಆಪ್ಟಿಮೈಸೇಶನ್ ಆಯ್ಕೆ ಹಾಕಿ ಮತ್ತೆ ಮಾಡಿ. ಹೋಲಿಕೆಯೂ ಇಲ್ಲ, ಜಂಪೂ ಇಲ್ಲ. ಎರರ್ ಕೊಡುವ ಸಾಲೂ ಮಾಯ. ವಾರ್ನಿಂಗ್ ಕೂಡ ಬರುವುದಿಲ್ಲ. ನಾನು ಇದನ್ನು ಮೊದಲ ಸಲ ನೋಡಿದ್ದು ಒಂದು ಬೋರ್ಡ್‌ನ ಫರ್ಮ್‌ವೇರ್‌ನಲ್ಲಿ. ಡೀಬಗ್ ಬಿಲ್ಡ್ ವಾರಗಟ್ಟಲೆ ಓಡುತ್ತಿತ್ತು, ರಿಲೀಸ್ ಬಿಲ್ಡ್ ಎರಡೇ ಗಂಟೆಯಲ್ಲಿ ಸಾಯುತ್ತಿತ್ತು. ಮೂರು ದಿನ ಹಾರ್ಡ್‌ವೇರ್‌ನವರನ್ನು ಬೈದೆ. ಆಮೇಲೆ ಅವರಿಗೆ ಕಾಫಿ ಕೊಡಿಸಬೇಕಾಯಿತು.

ಚೆಕ್ ಹೋದ ಮೇಲೆ ದಾಳಿ ಹೇಗೆ ನಡೆಯಿತು ನೋಡಿ. ಆಗಿನ ಎಕ್ಸ್86 ಲಿನಕ್ಸ್‌ನಲ್ಲಿ ಕರ್ನಲ್ ಮತ್ತು ಪ್ರೋಗ್ರಾಂ ಒಂದೇ ವಿಳಾಸಗಳ ಬಯಲನ್ನು ಹಂಚಿಕೊಂಡಿರುತ್ತಿದ್ದವು. ಮೇಲಿನ ಭಾಗ ಕರ್ನಲ್‌ನದು, ಕೆಳಗಿನದು ಪ್ರೋಗ್ರಾಂನದು. ಸೊನ್ನೆ ವಿಳಾಸ ಬರುವುದು ಕೆಳಗಿನ ಭಾಗದಲ್ಲಿ. ಅಂದರೆ ಪ್ರೋಗ್ರಾಂ ಬೇಕೆಂದೇ ಸೊನ್ನೆ ಪುಟದಲ್ಲಿ, ಅಂದರೆ ಸೊನ್ನೆ ವಿಳಾಸದಿಂದ ಶುರುವಾಗುವ ಮೆಮೊರಿ ತುಂಡಿನಲ್ಲಿ, ಜಾಗ ಕೇಳಿ ಪಡೆದು, ಅಲ್ಲಿ ನಕಲಿ ಟನ್ ರಚನೆಯೊಂದನ್ನು ಕಟ್ಟಿಡಬಹುದು. ಕರ್ನಲ್ ನಲ್ ಪಾಯಿಂಟರ್ ಹಿಡಿದು ಒಳಗೆ ಇಣುಕಿದಾಗ ಅದಕ್ಕೆ ಸಿಗುವುದು ಆ ನಕಲಿ ಟನ್. ಅದರೊಳಗಿನ ಸಾಕೆಟ್ ಪಾಯಿಂಟರ್ ಕೂಡ ದಾಳಿಕೋರ ಬರೆದದ್ದೇ.

ಆ ಪೋಲ್ ಫಂಕ್ಷನ್ ಮುಂದೆ ಎಲ್ಲೋ ಸಾಕೆಟ್‌ನ ಫ್ಲ್ಯಾಗ್‌ಗಳಲ್ಲಿ ಒಂದು ಬಿಟ್ ಅನ್ನು 1 ಮಾಡುತ್ತದೆ. ಬರೀ ಒಂದು ಬಿಟ್. ಆದರೆ ಎಲ್ಲಿನ ಬಿಟ್ ಎಂದು ತೀರ್ಮಾನಿಸುವವನು ಈಗ ದಾಳಿಕೋರ. ಸ್ಪೆಂಗ್ಲರ್ ಆರಿಸಿದ್ದು ಟನ್ ಡ್ರೈವರ್‌ನದೇ ಫಂಕ್ಷನ್‌ಗಳ ಪಟ್ಟಿಯನ್ನು. ಅದರಲ್ಲಿ ಎಂಮ್ಯಾಪ್ (ಫೈಲ್ ಅನ್ನು ಮೆಮೊರಿಗೆ ಜೋಡಿಸುವ ಕರೆ) ಎಂಬ ಜಾಗ ಖಾಲಿ ಇತ್ತು, ಅಂದರೆ 0. ಒಂದು ಬಿಟ್ ಏರಿಸಿದರೆ ಅದು 1 ಆಗುತ್ತದೆ. ಈಗ ಕರ್ನಲ್ ದೃಷ್ಟಿಯಲ್ಲಿ ಟನ್‌ಗೆ ಎಂಮ್ಯಾಪ್ ಫಂಕ್ಷನ್ ಇದೆ, ಅದರ ವಿಳಾಸ 1. ಆ ಫೈಲ್ ಮೇಲೆ ಎಂಮ್ಯಾಪ್ ಕರೆದರೆ ಕರ್ನಲ್ ವಿಳಾಸ 1ಕ್ಕೆ ಹಾರುತ್ತದೆ. ವಿಳಾಸ 1 ಇರುವುದು ಸೊನ್ನೆ ಪುಟದಲ್ಲಿ. ಅಲ್ಲಿ ಕಾದು ಕೂತಿರುವುದು ದಾಳಿಕೋರನ ಕೋಡ್. ಅದು ಓಡುವುದು ಕರ್ನಲ್‌ನ ಪೂರ್ತಿ ಅಧಿಕಾರದಲ್ಲಿ.

ಕೆಟ್ಟ ಕೆಲಸವೇ ಇರಬಹುದು, ಕೈಚಳಕ ಮಾತ್ರ ಮೆಚ್ಚಲೇಬೇಕು.

ಇಲ್ಲಿಗೆ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಸಿಗುತ್ತದೆ. ತಪ್ಪು ಯಾರದು? ಕಂಪೈಲರ್‌ದು ಎಂದು ನಾನು ಹೇಳುವುದಿಲ್ಲ. ಸಾಮಾನ್ಯ ಪ್ರೋಗ್ರಾಂನಲ್ಲಿ ಸೊನ್ನೆ ವಿಳಾಸ ಮುಟ್ಟಿದ ಕ್ಷಣ ಸೆಗ್‌ಫಾಲ್ಟ್ ಆಗಿ ಸಾಯುತ್ತದೆ. ಸತ್ತ ಮೇಲೆ ಚೆಕ್ ಇದ್ದರೇನು, ಇಲ್ಲದಿದ್ದರೇನು? ಅಲ್ಲಿ ಜಿಸಿಸಿಯ ಲೆಕ್ಕ ಸರಿ. ಕರ್ನಲ್‌ನಲ್ಲಿ ಮಾತ್ರ ಸೊನ್ನೆ ವಿಳಾಸಕ್ಕೆ ಬೇರೆಯವರು ಬಂದು ಮನೆ ಕಟ್ಟಿರಬಹುದು. ಆ ವಿಷಯ ಕಂಪೈಲರ್‌ಗೆ ಯಾರೂ ಹೇಳಿರಲಿಲ್ಲ. ಹೇಳುವ ದಾರಿ ಆಗಲೇ ಇತ್ತು: ನಲ್ ಚೆಕ್‌ಗಳನ್ನು ಅಳಿಸಬೇಡ ಎನ್ನುವ ಒಂದು ಫ್ಲ್ಯಾಗ್. ಆ ಜುಲೈನಲ್ಲೇ ಅದನ್ನು ಕರ್ನಲ್‌ನ ಮುಖ್ಯ ಮೇಕ್‌ಫೈಲ್‌ಗೆ, ಅಂದರೆ ಕಂಪೈಲ್ ಮಾಡುವ ಸೂಚನೆಗಳ ಫೈಲ್‌ಗೆ, ಸೇರಿಸಿದರು. ಇಂದಿಗೂ ಇದೆ.

ಹಾಗಾಗಿ ನಿಮ್ಮ ಹಿರಿಯರ ಮಾತಿಗೆ ಒಂದು ಸಣ್ಣ ತಿದ್ದುಪಡಿ, ಅವರಿಗೆ ಹೇಳುವಾಗ ಸ್ವಲ್ಪ ಮೆತ್ತಗೆ ಹೇಳಿ. ಇವತ್ತಿನ ಲಿನಕ್ಸ್ ಕರ್ನಲ್ ಮರದೊಳಗೆ ಕಂಪೈಲ್ ಆಗುವ ನಿಮ್ಮ ಡ್ರೈವರ್‌ನಲ್ಲಿ ಆ ಚೆಕ್ ಮಾಯವಾಗುವುದಿಲ್ಲ. ಫ್ಲ್ಯಾಗ್ ಕಾಯುತ್ತದೆ. ಆದರೂ ಚೆಕ್ ದಂಡವೇ, ಯಾಕೆಂದರೆ ಪಾಯಿಂಟರ್ ನಲ್ ಆಗಿದ್ದರೆ ಅದರ ಹಿಂದಿನ ಸಾಲಿನಲ್ಲೇ ಕರ್ನಲ್ ಊಪ್ಸ್ (ಕರ್ನಲ್‌ನ ಎರರ್ ವರದಿ) ಹೇಳಿರುತ್ತದೆ. ಅದೇ ಡ್ರೈವರ್ ಜೊತೆಗೆ ನೀವು ಬರೆಯುವ ಯೂಸರ್ ಲೈಬ್ರರಿಗೆ ಆ ಫ್ಲ್ಯಾಗ್ ಇರುವುದಿಲ್ಲ. ಅಲ್ಲಿ ಅವರ ಮಾತು ನೂರಕ್ಕೆ ನೂರು ನಿಜ.

ಈಗ ಕಥೆಯಲ್ಲಿ ನನಗೆ ಇನ್ನೂ ಹೆಚ್ಚು ಇಷ್ಟವಾದ ಭಾಗ. ಸೊನ್ನೆ ಪುಟದಲ್ಲಿ ಮನೆ ಕಟ್ಟಲು ಬಿಟ್ಟವರು ಯಾರು?

ಈ ಥರದ ದಾಳಿ ಬರಬಹುದು ಎಂದು ಕರ್ನಲ್‌ನವರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ 2007ರಲ್ಲಿ, 2.6.23 ಕರ್ನಲ್‌ನಲ್ಲಿ, ಎಂಮ್ಯಾಪ್-ಮಿನ್-ಆಡ್ರ್ ಎಂಬ ಸೆಟ್ಟಿಂಗ್ ತಂದರು. ಇಷ್ಟು ವಿಳಾಸಕ್ಕಿಂತ ಕೆಳಗೆ ಸಾಮಾನ್ಯ ಪ್ರೋಗ್ರಾಂ ಮೆಮೊರಿ ಕೇಳುವಂತಿಲ್ಲ ಎಂಬುದು ಅದರ ಅರ್ಥ. ನಿಮ್ಮ ಮೆಷಿನ್‌ನಲ್ಲಿ ಈಗ ನೋಡಿದರೆ ಬಹುಶಃ 65536 ಎಂದು ಇರುತ್ತದೆ. ಈ ಚೆಕ್ ಸರಿಯಾಗಿ ಕೆಲಸ ಮಾಡಿದ್ದರೆ ಟನ್ ಬಗ್ ಬರೀ ಕ್ರ್ಯಾಶ್ ಆಗಿ ಉಳಿಯುತ್ತಿತ್ತು. ಎಕ್ಸ್‌ಪ್ಲಾಯಿಟ್ ಅದನ್ನು ಎರಡು ದಾರಿಯಲ್ಲಿ ದಾಟಿತು.

ಒಂದು ದಾರಿ ಎಸ್‌ಇಲಿನಕ್ಸ್. ಹೌದು, ಭದ್ರತೆ ಹೆಚ್ಚಿಸಲು ಹಾಕಿಕೊಳ್ಳುವ ಅದೇ ಸೆಕ್ಯುರಿಟಿ ಮಾಡ್ಯೂಲ್. ಅದು ಇಲ್ಲದ ಸಿಸ್ಟಂನಲ್ಲಿ ಕೆಳಗಿನ ವಿಳಾಸ ಕೇಳಿದವನಿಗೆ ವಿಶೇಷ ಅಧಿಕಾರ, ಅಂದರೆ ಕೇಪಬಿಲಿಟಿ, ಇದೆಯಾ ಎಂದು ಕರ್ನಲ್ ನೋಡುತ್ತಿತ್ತು. ಎಸ್‌ಇಲಿನಕ್ಸ್ ಹಾಕಿದಾಗ ಆ ಪ್ರಶ್ನೆಯ ಜಾಗಕ್ಕೆ ಅದರದೇ ಪ್ರಶ್ನೆ ಬರುತ್ತಿತ್ತು: ಈ ಪ್ರೋಗ್ರಾಂಗೆ ಸೊನ್ನೆ ಪುಟ ಬಳಸಲು ಪಾಲಿಸಿಯಲ್ಲಿ ಅನುಮತಿ ಇದೆಯಾ? ಹಳೆಯ ಪ್ರಶ್ನೆ ಕೇಳುವುದೇ ನಿಂತಿತು. ಆಗಿನ ಪಾಲಿಸಿಯಲ್ಲಿ ಲಾಗಿನ್ ಆದ ಸಾಮಾನ್ಯ ಯೂಸರ್ ಓಡಿಸುವ ಪ್ರೋಗ್ರಾಂಗಳಿಗೆ ಆ ಅನುಮತಿ ಇತ್ತು. ವೈನ್ ಥರದ, ಹಳೆಯ 16 ಬಿಟ್ ಪ್ರೋಗ್ರಾಂ ಓಡಿಸುವ ತಂತ್ರಾಂಶಗಳಿಗೆ ಸೊನ್ನೆ ಪುಟ ನಿಜವಾಗಿಯೂ ಬೇಕಿತ್ತು. ಫಲಿತಾಂಶ ಏನೆಂದರೆ, ಎಸ್‌ಇಲಿನಕ್ಸ್ ಆನ್ ಇದ್ದ ಮೆಷಿನ್ ಈ ಒಂದು ವಿಷಯದಲ್ಲಿ ಆಫ್ ಇದ್ದ ಮೆಷಿನ್‌ಗಿಂತ ದುರ್ಬಲ. ಗೇಟಿಗೆ ಹೊಸ ಕಾವಲುಗಾರ ಬಂದ ಖುಷಿಯಲ್ಲಿ ಹಳೆಯ ಕಾವಲುಗಾರನಿಗೆ ರಜೆ ಕೊಟ್ಟಿದ್ದರು. ಹೊಸಬನ ಪಟ್ಟಿಯಲ್ಲಿ ಎಲ್ಲರ ಹೆಸರೂ ಇತ್ತು.

ಇನ್ನೊಂದು ದಾರಿ ಪಲ್ಸ್‌ಆಡಿಯೋ, ಧ್ವನಿ ನೋಡಿಕೊಳ್ಳುವ ಪ್ರೋಗ್ರಾಂ. ಆಗ ಅದು ಹಲವು ಕಡೆ ಸೆಟ್‌ಯುಐಡಿ ರೂಟ್ ಆಗಿ ಇರುತ್ತಿತ್ತು, ಅಂದರೆ ಯಾರು ಓಡಿಸಿದರೂ ಆರಂಭದಲ್ಲಿ ರೂಟ್ ಅಧಿಕಾರ. ಲಿನಕ್ಸ್‌ನಲ್ಲಿ "ಪರ್ಸನಾಲಿಟಿ" ಎಂಬ ಹಳೆಯ ಸೌಲಭ್ಯವಿದೆ. ಬೇರೆ ಯೂನಿಕ್ಸ್‌ಗಳ ಪ್ರೋಗ್ರಾಂಗಳಿಗೆ ಬೇಕಾದ ವರ್ತನೆ ಕೊಡುವುದು ಅದರ ಕೆಲಸ. ಅದರಲ್ಲಿ ಸೊನ್ನೆ ಪುಟವನ್ನು ತಾನೇ ತೆರೆದುಕೊಡು ಎನ್ನುವ ಫ್ಲ್ಯಾಗ್ ಕೂಡ ಇದೆ. ಅದನ್ನು ಹಾಕಿಕೊಂಡು ಸೆಟ್‌ಯುಐಡಿ ಪ್ರೋಗ್ರಾಂ ಓಡಿಸಿದರೆ, ಆ ಕ್ಷಣ ರೂಟ್ ಅಧಿಕಾರ ಇರುವುದರಿಂದ ಪುಟ ತೆರೆಯುತ್ತದೆ. ಆಮೇಲೆ ಪಲ್ಸ್‌ಆಡಿಯೋ ಅಧಿಕಾರ ಬಿಟ್ಟುಕೊಡುತ್ತದೆ, ಯೂಸರ್ ಹೇಳಿದ ಲೈಬ್ರರಿ ಲೋಡ್ ಮಾಡುತ್ತದೆ. ಅಧಿಕಾರ ಹೋಯಿತು, ಸೊನ್ನೆ ಪುಟ ಉಳಿಯಿತು.

ಈಗ ಸರಿಪಡಿಸಿದ್ದನ್ನು ನೋಡಿ. ಟನ್‌ನಲ್ಲಿ ಸಾಕೆಟ್ ತೆಗೆಯುವ ಸಾಲನ್ನು ಚೆಕ್‌ನ ಕೆಳಗೆ ಇಳಿಸಿದರು. ಮೇಕ್‌ಫೈಲ್‌ಗೆ ಫ್ಲ್ಯಾಗ್ ಹಾಕಿದರು. ಸೆಟ್‌ಯುಐಡಿ ಪ್ರೋಗ್ರಾಂ ಶುರುವಾಗುವಾಗ ಕಿತ್ತುಹಾಕಬೇಕಾದ ಪರ್ಸನಾಲಿಟಿ ಫ್ಲ್ಯಾಗ್‌ಗಳ ಪಟ್ಟಿಗೆ ಸೊನ್ನೆ ಪುಟದ ಫ್ಲ್ಯಾಗ್ ಸೇರಿಸಿದರು. ಎಸ್‌ಇಲಿನಕ್ಸ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಕೆಲಸ ಬೇಕಾಯಿತು. ಮಿತಿಯನ್ನು ಎರಡಾಗಿ ಒಡೆದರು, ಒಂದು ಎಲ್ಲರಿಗೂ, ಇನ್ನೊಂದು ಸೆಕ್ಯುರಿಟಿ ಮಾಡ್ಯೂಲ್‌ಗೆ. ಎಸ್‌ಇಲಿನಕ್ಸ್ ತನ್ನ ಪ್ರಶ್ನೆಯ ಜೊತೆಗೆ ಹಳೆಯ ಕೇಪಬಿಲಿಟಿ ಪ್ರಶ್ನೆಯನ್ನೂ ಕೇಳಲೇಬೇಕು ಎಂದಾಯಿತು. ಇದು ಸೆಪ್ಟೆಂಬರ್‌ನಲ್ಲಿ ಬಂದ 2.6.31ರಲ್ಲಿ ಸೇರಿತು.

ಟನ್ ಒಂದನ್ನೇ ಸರಿಮಾಡಿ ಕೈ ತೊಳೆದುಕೊಂಡಿದ್ದರೆ ಏನಾಗುತ್ತಿತ್ತು ಎಂದು ಹೆಚ್ಚು ದಿನ ಕಾಯಬೇಕಿರಲಿಲ್ಲ. ಆಗಸ್ಟ್‌ನಲ್ಲೇ ಗೂಗಲ್‌ನ ಇಬ್ಬರು, ಟ್ಯಾವಿಸ್ ಓರ್ಮಂಡಿ ಮತ್ತು ಜೂಲಿಯನ್ ಟಿನ್ನೆಸ್, ಸಾಕೆಟ್ ಕೋಡ್‌ನಲ್ಲಿ ಇನ್ನೊಂದು ನಲ್ ಬಗ್ ಹೊರತೆಗೆದರು. ಅದು 2001ರಿಂದ, ಎಂಟು ವರ್ಷ, 2.4 ಮತ್ತು 2.6 ಎರಡೂ ಸರಣಿಯಲ್ಲಿ ಕೂತಿತ್ತು. ಅದಕ್ಕೂ ದಾಳಿಕೋರನಿಗೆ ಬೇಕಿದ್ದದ್ದು ಅದೇ ಸೊನ್ನೆ ಪುಟ. ಮುಂದೆ ಹಾರ್ಡ್‌ವೇರ್‌ನವರೂ ಕೈ ಜೋಡಿಸಿದರು. ಇಂಟೆಲ್ 2012ರ ಐವಿ ಬ್ರಿಡ್ಜ್‌ನಲ್ಲಿ ಸ್ಮೆಪ್ ತಂದಿತು, ಕರ್ನಲ್ ಯೂಸರ್ ಪುಟದ ಕೋಡ್ ಓಡಿಸುವಂತಿಲ್ಲ. 2014ರ ಬ್ರಾಡ್‌ವೆಲ್‌ನಲ್ಲಿ ಸ್ಮ್ಯಾಪ್ ತಂದಿತು, ಕೇಳದೆ ಯೂಸರ್ ಪುಟ ಓದುವಂತೆಯೂ ಇಲ್ಲ. ಇವತ್ತಿನ ಲ್ಯಾಪ್‌ಟಾಪ್‌ನಲ್ಲಿ ಆ ನಕಲಿ ಟನ್ ಅನ್ನು ಕರ್ನಲ್ ಮುಟ್ಟಿದ ಕೂಡಲೇ ಪ್ರೊಸೆಸರ್ ತಡೆಯುತ್ತದೆ.

ಇನ್ನು ನಿಮ್ಮ ಪ್ಯಾಚ್. ಸಾಲು ಅದಲುಬದಲು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಪಾಯಿಂಟರ್ ನಲ್ ಆಗಲು ಸಾಧ್ಯವಾ? ಫಂಕ್ಷನ್ ಅನ್ನು ಕರೆಯುವ ಜಾಗಗಳನ್ನೆಲ್ಲ ಹೋಗಿ ನೋಡಿ. ಎಲ್ಲೂ ಸಾಧ್ಯವಿಲ್ಲ ಎಂದಾದರೆ ಚೆಕ್ ಅನ್ನೇ ತೆಗೆಯಿರಿ. ಭಯಕ್ಕೆ ಹಾಕಿದ ಚೆಕ್ ಮುಂದೆ ಓದುವವರ ದಾರಿ ತಪ್ಪಿಸುತ್ತದೆ, ಇಲ್ಲಿ ನಲ್ ಬರಬಹುದು ಎಂಬ ಸುಳ್ಳು ಸುದ್ದಿ ಹೇಳುತ್ತದೆ. ಸಾಧ್ಯವಿದೆ ಎಂದಾದರೆ, ಯಾರು ಹಾಗೆ ಮಾಡಬಹುದು ಎಂದು ನೋಡಿ. ರೂಟ್ ಮಾತ್ರವೋ, ಫೈಲ್ ತೆರೆಯಬಲ್ಲ ಯಾವ ಯೂಸರ್ ಆದರೂ ಸೈಯೋ? ಟನ್ ಫೈಲ್ ಅನ್ನು ಬಹಳ ಕಡೆ ಎಲ್ಲರೂ ತೆರೆಯಬಹುದಿತ್ತು, ಅದಕ್ಕೇ ಅಷ್ಟು ರಗಳೆ ಆಯಿತು.

ಆಮೇಲೆ ಬಗ್ ಎಬ್ಬಿಸುವ ಸಣ್ಣ ಪ್ರೋಗ್ರಾಂ ಬರೆಯಿರಿ. ಟನ್‌ಗೆ ಬೇಕಾಗಿದ್ದು ಫೈಲ್ ತೆರೆಯುವ ಒಂದು ಸಾಲು, ಪೋಲ್ ಮಾಡುವ ಒಂದು ಸಾಲು, ಅಷ್ಟೇ. ಸರಿಪಡಿಸುವ ಮೊದಲು ಬೀಳಬೇಕು, ಆಮೇಲೆ ಎರರ್ ಕೊಟ್ಟು ಸುಮ್ಮನಾಗಬೇಕು. ಇದನ್ನು ವರ್ಚುವಲ್ ಮೆಷಿನ್‌ನಲ್ಲಿ ಮಾಡಿ, ಆಫೀಸಿನ ಬಿಲ್ಡ್ ಸರ್ವರ್‌ನಲ್ಲಿ ಬೇಡ. ಅನುಭವದ ಮಾತು.

ನಿಮ್ಮ ಡ್ರೈವರ್‌ನ ಉಳಿದ ಫೈಲ್‌ಗಳ ಮೇಲೆ ಸ್ಮ್ಯಾಚ್ ಓಡಿಸಿ. ಕರ್ನಲ್‌ಗಾಗಿಯೇ ಇರುವ ಸ್ಟಾಟಿಕ್ ಅನಾಲಿಸಿಸ್ ಉಪಕರಣ ಅದು. ಚೆಕ್‌ಗೆ ಮೊದಲೇ ಪಾಯಿಂಟರ್ ಬಳಸಿದ ಜಾಗಗಳನ್ನು ಸಾಲು ನಂಬರ್ ಸಮೇತ ತೋರಿಸುತ್ತದೆ. ಒಂದು ಕಡೆ ಸಿಕ್ಕ ತಪ್ಪು ಅದೇ ಕೈ ಬರೆದ ಬೇರೆ ಫಂಕ್ಷನ್‌ನಲ್ಲೂ ಇರುವುದು ಮಾಮೂಲು.

ಪ್ಯಾಚ್‌ನ ವಿವರಣೆಯಲ್ಲಿ "ಕ್ರ್ಯಾಶ್ ಸರಿಪಡಿಸಲಾಗಿದೆ" ಎಂದಷ್ಟೇ ಬರೆಯಬೇಡಿ. ಯಾವ ಹೆಜ್ಜೆ ಇಟ್ಟರೆ ಬೀಳುತ್ತದೆ, ಅದಕ್ಕೆ ಯಾವ ಅಧಿಕಾರ ಬೇಕು, ಎಂದಿನಿಂದ ಇದೆ, ಇಷ್ಟನ್ನೂ ಬರೆಯಿರಿ. ಬಗ್ ತಂದ ಕಮಿಟ್ ಅನ್ನು ಹುಡುಕಿ, ಅದರ ಹ್ಯಾಶ್‌ನ ಮೊದಲ 12 ಅಕ್ಷರ ಹಾಕಿ "ಫಿಕ್ಸಸ್" ಸಾಲು ಸೇರಿಸಿ, ಸ್ಟೇಬಲ್ ತಂಡಕ್ಕೂ ಪ್ರತಿ ಹೋಗುವಂತೆ ಮಾಡಿ. ಹಳೆಯ ಕರ್ನಲ್ ನೋಡಿಕೊಳ್ಳುವವರು ಯಾವ ಪ್ಯಾಚ್ ಎತ್ತಿಕೊಳ್ಳಬೇಕು ಎಂದು ತೀರ್ಮಾನಿಸುವುದು ಆ ಸಾಲುಗಳನ್ನು ನೋಡಿಯೇ. ಸಾಮಾನ್ಯ ಯೂಸರ್ ಬೀಳಿಸಬಹುದಾದ ಬಗ್ ಆಗಿದ್ದು, ಆ ಕೋಡ್ ಆಗಲೇ ಬಿಡುಗಡೆಯಾದ ಕರ್ನಲ್‌ನಲ್ಲಿ ಇದ್ದರೆ, ಪಬ್ಲಿಕ್ ಲಿಸ್ಟ್‌ಗೆ ಕಳಿಸುವ ಮೊದಲು ಕರ್ನಲ್ ಸೆಕ್ಯುರಿಟಿ ತಂಡದ ವಿಳಾಸಕ್ಕೆ ಬರೆಯಿರಿ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮದು ಇನ್ನೂ ರಿವ್ಯೂನಲ್ಲೇ ಸಿಕ್ಕಿಬಿದ್ದಿದೆ. ಹಾಗಾದರೆ ಇಷ್ಟೆಲ್ಲ ತಲೆಬಿಸಿ ಬೇಡ. ಸಾಲು ಕೆಳಗಿಳಿಸಿ, ವರ್ಷನ್ 2 ಎಂದು ಬರೆದು ಕಳಿಸಿ.